ಹಳೆಯ ಭಜನೆ, ಹೊಸ ಕಂಠ

ಹಾಡು ಒಂದೇ ಆದರೂ ಹಾಡುವ ಬಾಯಿ ಬೇರೆಯಾದರೆ ಕೇಳುವವರ ಮನಸ್ಸಿನಲ್ಲಿ ಹುಟ್ಟುವ ಭಾವವೂ ಬೇರೆಯಾಗುವುದುಂಟು. ಲೌಕಿಕವಾದ ಹಾಡಾದರೆ ಈ ವ್ಯತ್ಯಾಸವನ್ನು ಜನರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ದೇವರ ಹಾಡಾದರೆ ಹಾಗಲ್ಲ. ‘ಇವನಿಗೆ ಭಕ್ತಿಯುಂಟೆ? ಇವನು ಹಾಡುತ್ತಿರುವನೋ ಹಾಸ್ಯಮಾಡುತ್ತಿರುವನೋ? ಇದನ್ನು ಹಾಡುವ ಅಧಿಕಾರ ಇವನಿಗೆ ಎಲ್ಲಿಂದ ಬಂದಿತು?’ ಎಂಬ ಪ್ರಶ್ನೆಗಳು ಕೂಡಲೆ ಏಳುವುವು. ಹಿರಿಯರೂ ಕಿರಿಯರೂ ಒಂದೇ ಸೂರಿನ ಕೆಳಗೆ ಹಾಡು ಕೇಳುವ ಯಾವ ಮನೆಯಲ್ಲಿಯೂ ಈ ಪ್ರಶ್ನೆಗಳು ಒಂದಲ್ಲ ಒಂದು ದಿನ ಬಂದೇ ಬರತಕ್ಕವು. ಆದರೆ ನಮ್ಮ ಮನೆಯ ಹಾಡನ್ನೇ ಮುಂದಿಟ್ಟುಕೊಂಡು ವಿಚಾರಮಾಡಹೊರಟರೆ ನಮ್ಮ ರಾಗದ್ವೇಷಗಳು ಅಡ್ಡಬರುವುವು. ನಮ್ಮದಲ್ಲದ ವ್ಯಾಜ್ಯದಲ್ಲಿ ನ್ಯಾಯವು ಸುಲಭವಾಗಿ ಕಾಣುತ್ತದೆ. ಆದಕಾರಣ ಈ ತಿಂಗಳು ಅಮೆರಿಕ ದೇಶದಲ್ಲಿ 1968ನೆಯ ಇಸವಿಯಲ್ಲಿ ನಡೆದ ಒಂದು ಪ್ರಸಂಗವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಒಂದು ರಾಕ್ ಮೇಳದ ಯುವಕರು ಹಳೆಯದೊಂದು ಕ್ರೈಸ್ತ ಭಕ್ತಿಗೀತವನ್ನು ಹಾಡಿದರು; ಅವರು ಹಾಡಿದ್ದು ಸರಿಯೆ ತಪ್ಪೆ ಎಂಬ ಚರ್ಚೆಯು ಅರ್ಧ ಶತಮಾನ ಕಳೆದರೂ ಕೇಳುಗರಲ್ಲಿ ಮುಗಿದಿಲ್ಲ.

ಮೊದಲು ಆ ಹಾಡು ಹುಟ್ಟಿದ ನೆಲವನ್ನು ನೋಡೋಣ. ಅಮೆರಿಕದ ದಕ್ಷಿಣ ಪ್ರಾಂತ್ಯಗಳಲ್ಲಿ, ಮುಖ್ಯವಾಗಿ ಬೆಟ್ಟಸೀಮೆಯ ಬಡ ರೈತರಲ್ಲಿ, ಪಿಟೀಲು, ಬ್ಯಾಂಜೊ, ಗಿಟಾರು, ಮ್ಯಾಂಡೊಲಿನ್ನುಗಳೊಡನೆ ಹಾಡುವ ಒಂದು ಸಂಪ್ರದಾಯವುಂಟು. ಅದಕ್ಕೆ ‘ಕಂಟ್ರಿ’ ಸಂಗೀತವೆಂದು ಹೆಸರು. ಹಳ್ಳಿಗಾಡಿನ ಸಂಗೀತವೆಂದು ಅರ್ಥ. ಶನಿವಾರ ರಾತ್ರಿ ಪ್ರೇಮದ ಹಾಡು, ಕುಡಿತದ ಹಾಡು. ಭಾನುವಾರ ಬೆಳಗ್ಗೆ ದೇವರ ಹಾಡು. ಎರಡನ್ನೂ ಹಾಡುವವರು ಅವರೇ. ಈ ದೇವರ ಹಾಡಿಗೆ ‘ಗಾಸ್ಪೆಲ್’ ಎನ್ನುವರು. ಆ ಪದಕ್ಕೆ ಸುವಾರ್ತೆಯೆಂದು ಅರ್ಥ. ಅಲಬಾಮ ಪ್ರಾಂತ್ಯದ ಸ್ಯಾಂಡ್ ಮೌಂಟನ್ ಎಂಬ ಎತ್ತರದ ಸೀಮೆಯಲ್ಲಿ ಬೆಳೆದ ಐರಾ, ಚಾರ್ಲಿ ಎಂಬ ಅಣ್ಣತಮ್ಮಂದಿರು ಇಂಥ ಗಾಯಕರಲ್ಲಿ ಅಗ್ರಗಣ್ಯರು. ಐರಾ 1924ರಲ್ಲಿ, ಚಾರ್ಲಿ 1927ರಲ್ಲಿ ಹುಟ್ಟಿದರು. ಅವರ ಸೀಮೆಯಲ್ಲಿ ‘ಸೇಕ್ರೆಡ್ ಹಾರ್ಪ್’ ಎಂಬ ಸಮೂಹಗಾನವು ಬಳಕೆಯಲ್ಲಿತ್ತು. 1844ರಲ್ಲಿ ಮೊದಲು ಅಚ್ಚಾದ ಅದೇ ಹೆಸರಿನ ಪುಸ್ತಕವನ್ನು ಕೈಯಲ್ಲಿ ಹಿಡಿದು, ನಾಲ್ಕು ಸಾಲುಗಳಾಗಿ ಚೌಕಾಕಾರದಲ್ಲಿ ಒಬ್ಬರಿಗೊಬ್ಬರು ಎದುರಾಗಿ ಕುಳಿತು, ವಾದ್ಯದ ನೆರವಿಲ್ಲದೆ ಗಂಟಲೆತ್ತಿ ಹಾಡುವ ಪದ್ಧತಿಯದು. ಅಲ್ಲಿ ಸಭಿಕರೆಂಬವರೇ ಇಲ್ಲ, ಬಂದವರೆಲ್ಲ ಹಾಡುವವರೇ. ಈ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಲೂವಿನ್ ಸಹೋದರರೆಂದು ಹೆಸರು ಪಡೆದ ಈ ಇಬ್ಬರು 1959ರಲ್ಲಿ ‘ಸೇಟನ್ ಈಸ್ ರಿಯಲ್’ ಎಂಬ ಧ್ವನಿಮುದ್ರಿಕೆಯನ್ನು ಹೊರಡಿಸಿದರು. ಸೈತಾನನೆಂಬುವನು ನಿಜವಾಗಿಯೂ ಇದ್ದಾನೆಂದು ಆ ಹೆಸರಿನ ತಾತ್ಪರ್ಯ. ಅದರ ಹೊದಿಕೆಯ ಚಿತ್ರದಲ್ಲಿ ಸಹೋದರರಿಬ್ಬರು ಬಿಳಿಯ ಉಡುಪಿನಲ್ಲಿ ನಿಂತಿರುವರು. ಅವರ ಹಿಂದೆ ಮರದ ಹಲಗೆಯಲ್ಲಿ ಕತ್ತರಿಸಿ ಮಾಡಿದ ಭಾರಿ ಸೈತಾನನೊಬ್ಬನು ಬೆಂಕಿಯ ನಡುವೆ ನಿಂತಿರುವನು. ಈ ಮುದ್ರಿಕೆಯಲ್ಲಿರುವ ‘ದಿ ಕ್ರಿಶ್ಚಿಯನ್ ಲೈಫ್’ ಎಂಬ ಹಾಡೇ ನಮ್ಮ ಪ್ರಸ್ತುತ ವಿಷಯ. ಅದರ ಭಾವವು ಬಹು ಸರಳವಾದದ್ದು. ದೇವರ ದಾರಿಯನ್ನು ಹಿಡಿದವನೊಬ್ಬನನ್ನು ಹಳೆಯ ಗೆಳೆಯರು ದೂರಮಾಡುವರು, ಮೂದಲಿಸುವರು. ಅವನಾದರೋ ಅವರನ್ನು ದ್ವೇಷಿಸದೆ, ನನಗೆ ಈ ಬಾಳೇ ಇಷ್ಟವೆಂದು ಹೇಳಿಕೊಳ್ಳುವನು. ಇಷ್ಟೇ. ತತ್ತ್ವಜಿಜ್ಞಾಸೆ ಇಲ್ಲ, ಪದಾಡಂಬರವಿಲ್ಲ. ಅಣ್ಣನ ಎತ್ತರದ ಧ್ವನಿಯೂ ತಮ್ಮನ ಕೆಳಗಿನ ಧ್ವನಿಯೂ ಎರಡೆಳೆಯ ದಾರದಂತೆ ಹೆಣೆದುಕೊಂಡು ಹೋಗುವುದೇ ಅದರ ಸೊಗಸು.

ಇನ್ನು ಆ ಹಾಡನ್ನು ಎತ್ತಿಕೊಂಡ ಯುವಕರ ವಿಷಯ. ‘ಬರ್ಡ್ಸ್’ ಎಂಬ ರಾಕ್ ಮೇಳವು 1964ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಹುಟ್ಟಿತು. ಅದರ ಮುಂದಾಳು ಮೆಕ್‌ಗ್ವಿನ್ ಎಂಬುವನು ಉತ್ತರದ ಶಿಕಾಗೋ ನಗರದವನು. 1965ರಲ್ಲಿ ಇವರು ಹಾಡಿದ ‘ಟರ್ನ್! ಟರ್ನ್! ಟರ್ನ್!’ ಎಂಬ ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅದರ ಮಾತುಗಳು ಬಹುಮಟ್ಟಿಗೆ ಬೈಬಲಿನ ಪ್ರಸಂಗಿಯ ಗ್ರಂಥದಿಂದ ಬಂದವು. ರಾಗಕ್ಕೆ ಅಳವಡಿಸಿದವನು ಪೀಟ್ ಸೀಗರ್. ಎಂದರೆ, ಧರ್ಮಗ್ರಂಥದ ಮಾತನ್ನು ಹಾಡುವುದು ಈ ಮೇಳಕ್ಕೆ ಹೊಸದಲ್ಲ. 1968ರ ಆದಿಯಲ್ಲಿ ಗ್ರಾಮ್ ಪಾರ್ಸನ್ಸ್ ಎಂಬ ತರುಣನು ಮೇಳವನ್ನು ಸೇರಿದನು. ಇವನು ದಕ್ಷಿಣದ ಜಾರ್ಜಿಯದಲ್ಲಿ ಬೆಳೆದವನು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆಲವು ತಿಂಗಳು ಓದಿ ಬಿಟ್ಟವನು. ಕಂಟ್ರಿ ಸಂಗೀತದಲ್ಲಿ ಅಪಾರವಾದ ಪ್ರೇಮವುಳ್ಳವನು. ಅವನ ಉತ್ಸಾಹದಿಂದಲೂ, ಹದಿಹರೆಯದಿಂದ ಮ್ಯಾಂಡೊಲಿನ್ ನುಡಿಸಿ ಪಳಗಿದ್ದ ಹಿಲ್‌ಮನ್ ಎಂಬ ಇನ್ನೊಬ್ಬನ ಒಲವಿನಿಂದಲೂ ಮೇಳವು ಆ ವರ್ಷದ ಮಾರ್ಚಿ ತಿಂಗಳಲ್ಲಿ ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್ ನಗರಕ್ಕೆ ಹೋಯಿತು.

ಆ ನಗರದಲ್ಲಿ ರೈಮನ್ ಸಭಾಭವನವೆಂಬುದೊಂದುಂಟು. 1892ರಲ್ಲಿ ಕಟ್ಟಿ ಮುಗಿಸಿದ ಈ ಕಟ್ಟಡವು ಮೊದಲು ಧರ್ಮೋಪದೇಶದ ಮಂದಿರವಾಗಿತ್ತು. ಹಡಗುಗಳ ಒಡೆಯನಾಗಿದ್ದ ರೈಮನ್ ಎಂಬಾತನು ಒಬ್ಬ ಉಪದೇಶಕನ ಮಾತಿಗೆ ಮನಸೋತು ಅದನ್ನು ಕಟ್ಟಿಸಿದನು. 1943ರಿಂದ 1974ರ ವರೆಗೆ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂಬ ಪ್ರಸಿದ್ಧವಾದ ರೇಡಿಯೋ ಗಾನಗೋಷ್ಠಿಯು ಅಲ್ಲಿಯೇ ನಡೆಯುತ್ತಿತ್ತು. ಆ ವೇದಿಕೆಯ ಮೇಲೆ ನೀಳಗೂದಲಿನ ರಾಕ್ ಯುವಕರು ಬಂದು ನಿಂತಾಗ ಸಭೆಯಿಂದ ಕೂಗು ಬಂದಿತೆಂದೂ, ಕೂದಲು ಕತ್ತರಿಸಿಕೊಳ್ಳಿರೆಂದು ಕೆಲವರು ಮೂದಲಿಸಿದರೆಂದೂ ಮೇಳದವರು ಮುಂದೆ ಹೇಳಿರುವರು. ಅದು ವಿಯಟ್ನಾಂ ಯುದ್ಧದ ಕಾಲ. ನೀಳಗೂದಲೆಂದರೆ ಯುದ್ಧವಿರೋಧ, ಹಿರಿಯರ ತಿರಸ್ಕಾರ, ಮಾದಕದ್ರವ್ಯ ಎಂದು ಸಂಪ್ರದಾಯಸ್ಥರು ಅರ್ಥಮಾಡುತ್ತಿದ್ದ ಕಾಲ. ಆದಕಾರಣ ಗಾಯನವು ಕಿವಿಗೆ ಬೀಳುವುದಕ್ಕೆ ಮೊದಲೇ ಗಾಯಕರ ತಲೆಯು ಕಣ್ಣಿಗೆ ಬಿದ್ದಿತು.

ಅದೇ ವರ್ಷದ ಆಗಸ್ಟಿನಲ್ಲಿ ಅವರ ಮುದ್ರಿಕೆಯು ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ’ ಎಂಬ ಹೆಸರಿನಿಂದ ಹೊರಬಂದಿತು. ಅದರಲ್ಲಿ ಲೂವಿನ್ ಸಹೋದರರ ಹಾಡೂ ಇತ್ತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಹಾಡಿನಲ್ಲಿ ಮುಖ್ಯ ಕಂಠವಾಗಿ ಮೊದಲು ಹಾಡಿದ್ದವನು ಪಾರ್ಸನ್ಸ್. ಆದರೆ ಅವನು ಹಿಂದೆ ಬೇರೊಬ್ಬ ಮುದ್ರಕನೊಡನೆ ಮಾಡಿಕೊಂಡಿದ್ದ ಕರಾರಿನ ತಕರಾರೆದ್ದುದರಿಂದ, ಕೆಲವು ಹಾಡುಗಳಲ್ಲಿ ಅವನ ಕಂಠವನ್ನು ತೆಗೆದು ಮೆಕ್‌ಗ್ವಿನ್ನನ ಕಂಠವನ್ನು ಸೇರಿಸಿದರು. ಅವುಗಳಲ್ಲಿ ಇದೂ ಒಂದು. ಮೆಕ್‌ಗ್ವಿನ್ನನು ಹಾಡಿದಾಗ ತನ್ನ ಸಹಜವಾದ ಉಚ್ಚಾರಣೆಯನ್ನು ಬಿಟ್ಟು ದಕ್ಷಿಣದವರ ಎಳೆದಾಡುವ ಉಚ್ಚಾರಣೆಯನ್ನು ತಂದುಕೊಂಡನು. ಚರ್ಚೆಯ ಬೇರು ಇಲ್ಲಿಯೇ ಇರುವುದು.

ಕೇಳಿದವರ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ನೋಡಿದರೆ ನಾಲ್ಕು ಪಕ್ಷಗಳು ಕಾಣುವುವು. ಭಕ್ತಿಯಿಲ್ಲದವನು ಭಕ್ತಿಗೀತವನ್ನು ಹಾಡಕೂಡದು, ಆದುದರಿಂದ ಇದು ಅಪಹಾಸ್ಯವೆಂಬುದು ಮೊದಲನೆಯ ಪಕ್ಷ. ಎರಡನೆಯವರಿಗೆ ಧರ್ಮಕ್ಕಿಂತ ಸಂಪ್ರದಾಯ ಮುಖ್ಯ. ಈ ಸಂಗೀತವು ನಮ್ಮ ಬೆಟ್ಟದ್ದು, ಪಟ್ಟಣದ ರಾಕ್ ಹುಡುಗರಿಗೆ ಇಲ್ಲಿ ಕೆಲಸವಿಲ್ಲವೆಂದು ಅವರ ವಾದ. ಮೂರನೆಯವರು ಆ ಮೇಳದ ಹಳೆಯ ಅಭಿಮಾನಿಗಳು; ಮುಂದೆ ನಡೆಯುತ್ತಿದ್ದವರು ಹಿಂದಕ್ಕೇಕೆ ತಿರುಗಿದರೆಂದು ಅವರ ಅಸಮಾಧಾನ. ಮುದ್ರಿಕೆಯು ಮಾರಾಟದ ಪಟ್ಟಿಯಲ್ಲಿ 77ನೆಯ ಸ್ಥಾನಕ್ಕಿಂತ ಮೇಲೆ ಏರಲಿಲ್ಲವೆಂಬುದನ್ನು ನೋಡಿದರೆ ಎರಡು ಕಡೆಯವರೂ ಅದನ್ನು ಕೈಬಿಟ್ಟರೆಂದೇ ಹೇಳಬೇಕು. ಹಾಡು ಯಾರ ಬಾಯಿಂದ ಬಂದರೇನು, ಹಾಡು ಒಳ್ಳೆಯದು, ಇವರು ಹಾಡದಿದ್ದರೆ ನಾವು ಲೂವಿನ್ ಸಹೋದರರ ಹೆಸರನ್ನೇ ಕೇಳುತ್ತಿರಲಿಲ್ಲವೆಂಬುದು ನಾಲ್ಕನೆಯ ಪಕ್ಷ. ಕಾಲ ಕಳೆದಂತೆ ಈ ಪಕ್ಷವೇ ಬಲವಾಗುತ್ತ ಬಂದಿತು.

ಮೊದಲನೆಯ ಪಕ್ಷವನ್ನು ಪರೀಕ್ಷಿಸೋಣ. ಹಾಡುವವನ ಅಂತರಂಗವನ್ನು ಅಳೆದು ಹಾಡಿಗೆ ಬೆಲೆ ಕಟ್ಟುವುದಾದರೆ, ಮೊದಲು ಆ ಹಾಡನ್ನು ಕಟ್ಟಿದವರನ್ನೇ ಅಳೆಯಬೇಕಾಗುವುದು. ಐರಾ ಲೂವಿನ್ ಬಹಳ ಕುಡಿಯುತ್ತಿದ್ದನು. ಕೋಪ ಬಂದರೆ ಮ್ಯಾಂಡೊಲಿನ್ನನ್ನೇ ನೆಲಕ್ಕೆ ಬಡಿದು ಮುರಿಯುತ್ತಿದ್ದನು. ಅವನ ಸಂಸಾರಗಳು ಮುರಿದುವು. ತಮ್ಮನು ಸಹಿಸಲಾರದೆ 1963ರಲ್ಲಿ ಬೇರೆಯಾದನು. 1965ರ ಜೂನ್ ತಿಂಗಳಲ್ಲಿ ಮಿಸ್ಸೂರಿ ಪ್ರಾಂತ್ಯದ ರಸ್ತೆಯಲ್ಲಿ ಬೇರೆ ಯಾರೋ ಕುಡಿದು ಓಡಿಸಿದ ಮೋಟಾರು ಡಿಕ್ಕಿ ಹೊಡೆದು ಐರಾ ತೀರಿಕೊಂಡನು. ಇಂಥವನು ದೇವರ ದಾರಿಯ ಹಾಡನ್ನು ಕಟ್ಟಿ ಹಾಡಿದುದು ಕಪಟವೆ? ನನಗೆ ಹಾಗೆ ತೋರುವುದಿಲ್ಲ. ದಾರಿ ತಪ್ಪಿದವನಿಗೇ ದಾರಿಯ ಬೆಲೆ ಹೆಚ್ಚಾಗಿ ಗೊತ್ತು. ತಾನು ಮುಟ್ಟಲಾರದ ಬಾಳನ್ನು ಮುಟ್ಟಬೇಕೆಂಬ ಹಂಬಲವೂ ಒಂದು ಬಗೆಯ ಭಕ್ತಿಯೇ. ಅವನ ಎತ್ತರದ ಧ್ವನಿಯಲ್ಲಿ ಕೇಳುವ ಸಂಕಟವು ಆ ಹಂಬಲದ್ದೆಂದು ನಾನು ಭಾವಿಸುತ್ತೇನೆ. ಶೀಲವನ್ನು ಅಳೆದು ಹಾಡುವ ಅಧಿಕಾರವನ್ನು ಕೊಡುವುದಾದರೆ ಕರ್ತೃವಿಗೇ ಆ ಅಧಿಕಾರ ತಪ್ಪುವುದು. ಆದುದರಿಂದ ಈ ಪಕ್ಷವು ನಿಲ್ಲದು.

ಎರಡನೆಯ ಮತ್ತು ಮೂರನೆಯ ಪಕ್ಷಗಳ ಮೇಲೆ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. ಇವೆರಡೂ ಹಾಡನ್ನು ಕುರಿತ ಮಾತುಗಳಲ್ಲ. ಊರು, ಉಡುಪು, ಗುಂಪುಗಳನ್ನು ಕುರಿತ ಮಾತುಗಳು. ರೈಮನ್ ಭವನದಲ್ಲಿ ಕೂಗಿದವರು ಕಿವಿಗೆ ಕೊಡಬೇಕಾದ ಕೆಲಸವನ್ನು ಕಣ್ಣಿಗೆ ಕೊಟ್ಟರು. ರಾಕ್ ಅಭಿಮಾನಿಗಳೂ ಬೇರೊಂದು ರೀತಿಯಲ್ಲಿ ಅದನ್ನೇ ಮಾಡಿದರು.

ಹಾಗಾದರೆ ನಾಲ್ಕನೆಯ ಪಕ್ಷವೇ ಸಿದ್ಧಾಂತವೆ? ಹಾಡು ಒಳ್ಳೆಯದಾದರೆ ಯಾರು ಹೇಗೆ ಹಾಡಿದರೂ ಸರಿಯೆ? ಇದನ್ನೂ ಒಪ್ಪುವುದು ಕಷ್ಟ. ಅಪಹಾಸ್ಯವೆಂದವರ ಕಿವಿಗೆ ಏನೋ ಒಂದು ಕೇಳಿಸಿದ್ದು ನಿಜ. ಅದೇನೆಂಬುದನ್ನು ತಿಳಿಯುವುದಕ್ಕೆ ನಮ್ಮ ಅಲಂಕಾರಶಾಸ್ತ್ರವು ಸಹಾಯಮಾಡುತ್ತದೆ. ಶೃಂಗಾರದ ಅನುಕರಣವೇ ಹಾಸ್ಯವಾಗುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ರಸವೆಂಬುದು ಅನುಕರಣದಿಂದ ತೋರುವುದೆಂದು ಶಂಕುಕನು ವಾದಿಸಿದಾಗ, ಭಟ್ಟತೌತನೂ ಅವನ ಶಿಷ್ಯನಾದ ಅಭಿನವಗುಪ್ತನೂ ಆ ವಾದವನ್ನು ಖಂಡಿಸಿದರು. ಒಬ್ಬನ ನಡೆನುಡಿಯನ್ನು ಮತ್ತೊಬ್ಬನು ಹಾಗೆಯೇ ಮಾಡಿ ತೋರಿಸಿದರೆ ನೋಡುವವರಿಗೆ ನಗು ಬರುವುದೇ ಹೊರತು ರಸಾಸ್ವಾದವಾಗುವುದಿಲ್ಲವೆಂಬುದು ಅವರ ಅಭಿಪ್ರಾಯದ ಸಾರ. ಮನೆಯ ಮಕ್ಕಳು ಅಜ್ಜನ ನಡಿಗೆಯನ್ನು ಅಣಕಿಸುವುದನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಗುವಿಗೆ ಅಜ್ಜನ ಮೇಲೆ ಪ್ರೀತಿಯಿದ್ದರೂ ಆ ನಡಿಗೆ ನಗಿಸಿಯೇ ನಗಿಸುವುದು.

ಮೆಕ್‌ಗ್ವಿನ್ನನ ಹಾಡಿನಲ್ಲಿ ಆದದ್ದು ಇದೇ. ಅವನ ಮನಸ್ಸಿನಲ್ಲಿ ತಿರಸ್ಕಾರವಿತ್ತೆಂದು ಯಾರೂ ಹೇಳಲಾರರು. ಆದರೆ ಶಿಕಾಗೋದವನು ಅಲಬಾಮದವನಂತೆ ಉಚ್ಚರಿಸಲು ಹೊರಟಕೂಡಲೆ ಹಾಡಿನ ಭಾವಕ್ಕಿಂತ ಮುಂದಾಗಿ ಹಾಡುವವರ ಜಾಡು ಕೇಳಿಸಿತು. ಜಾಡು ಕೇಳಿಸಿದಕೂಡಲೆ ಕೇಳುಗನಿಗೆ ಸಂಶಯ ಹುಟ್ಟಿತು. ಇದಕ್ಕೆ ಪ್ರಮಾಣವೇನೆಂದರೆ, ಪ್ರಸಂಗಿಯ ಗ್ರಂಥದ ಮಾತುಗಳನ್ನು ಇದೇ ಮೆಕ್‌ಗ್ವಿನ್ನನು 1965ರಲ್ಲಿ ತನ್ನ ಸ್ವಂತ ಧ್ವನಿಯಲ್ಲಿ ಹಾಡಿದ್ದನು. ಕೂದಲು ಆಗಲೂ ನೀಳವಾಗಿತ್ತು, ಗಿಟಾರು ಆಗಲೂ ವಿದ್ಯುತ್ತಿನದಾಗಿತ್ತು. ಆದರೂ ಆ ಹಾಡನ್ನು ಕೇಳಿ ಇದು ಅಣಕವೆಂದುಕೊಳ್ಳುವುದು ಸಾಧ್ಯವಿಲ್ಲ. ಇನ್ನೊಂದು ಪ್ರಮಾಣವು ಅದೇ ಮುದ್ರಿಕೆಯಲ್ಲಿಯೇ ಉಂಟು. ‘ಐ ಆಮ್ ಎ ಪಿಲ್ಗ್ರಿಮ್’ ಎಂಬ ಮತ್ತೊಂದು ಹಳೆಯ ಭಕ್ತಿಗೀತವನ್ನು ಹಿಲ್‌ಮನ್ ಹಾಡಿರುವನು. ಬೇರೆಯವರ ನಾಲಗೆಯನ್ನು ಎರವಲು ತರದೆ, ತನಗೆ ಬಂದ ಹಾಗೆ, ಮೆಲ್ಲಗೆ ಹಾಡಿಕೊಂಡು ಹೋಗಿರುವನು. ನನ್ನ ಕಿವಿಗಂತೂ ಅದರಲ್ಲಿ ಸಂಶಯಕ್ಕೆ ಎಡೆ ಕಾಣಲಿಲ್ಲ. ಪಾರ್ಸನ್ಸನು ಹಾಡಿದ್ದ ಮೂಲಪಾಠವು 1990ರಲ್ಲಿ ಪ್ರಕಟವಾಯಿತು. ಎರಡನ್ನೂ ಜೊತೆಗಿಟ್ಟು ಕೇಳಿದವರಲ್ಲಿ ಅನೇಕರು ಪಾರ್ಸನ್ಸನದೇ ಹೆಚ್ಚು ಹೃದ್ಯವೆನ್ನುವರು. ದಕ್ಷಿಣದ ಉಚ್ಚಾರಣೆಯು ಅವನಿಗೆ ಹುಟ್ಟಿನಿಂದ ಬಂದದ್ದು; ಹಾಕಿಕೊಂಡ ವೇಷವಲ್ಲ. ಮೆಕ್‌ಗ್ವಿನ್ನನ ಪಾಠದಲ್ಲಿರುವ ಆ ಅರೆನಗೆಯೇ ತಮಗೆ ಇಷ್ಟವೆನ್ನುವ ಕೇಳುಗರೂ ಇದ್ದಾರೆ. ಅವರ ರುಚಿಯನ್ನು ನಾವು ಹಳಿಯಬೇಕಾಗಿಲ್ಲ. ಆದರೆ ಅವರು ಮೆಚ್ಚಿದ್ದು ಹಾಸ್ಯವನ್ನು, ಭಕ್ತಿಯನ್ನಲ್ಲ.

ಅನ್ಯರ ಭಕ್ತಿಗೀತವನ್ನು ಹಾಡುವುದಕ್ಕೆ ಸರಿಯಾದ ದಾರಿ ಯಾವುದೆಂಬುದನ್ನು ಮೂರು ವರ್ಷಗಳ ತರುವಾಯ ಬೇರೊಂದು ಮೇಳವು ತೋರಿಸಿಕೊಟ್ಟಿತು. ಕ್ಯಾಲಿಫೋರ್ನಿಯದ ‘ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್’ ಎಂಬ ನೀಳಗೂದಲಿನ ಯುವಕರ ಮೇಳವು 1971ರಲ್ಲಿ ನ್ಯಾಶ್‌ವಿಲ್ಲಿಗೆ ಹೋಗಿ ಮೇಬೆಲ್ ಕಾರ್ಟರ್, ರಾಯ್ ಏಕಫ್, ಡಾಕ್ ವಾಟ್ಸನ್, ಅರ್ಲ್ ಸ್ಕ್ರಗ್ಸ್ ಮೊದಲಾದ ಹಿರಿಯರನ್ನು ಬೇಡಿಕೊಂಡಿತು. ಏಕಫನಿಗೆ ಈ ಹುಡುಗರ ವಿಷಯದಲ್ಲಿ ಮೊದಲು ನಂಬಿಕೆಯಿರಲಿಲ್ಲ. ಅವರು ನುಡಿಸಿದ್ದನ್ನು ಕೇಳಿದ ಮೇಲೆ ಮನಸ್ಸು ಕರಗಿತು. ಕಣ್ಣಿನ ಕೆಲಸವನ್ನು ಬಿಡಿಸಿ ಕಿವಿಗೆ ಕೆಲಸ ಕೊಟ್ಟುದರ ಫಲವಿದು. ಕಾರ್ಟರ್ ಮನೆತನದವರು 1935ರಲ್ಲಿ ಮುದ್ರಿಸಿದ್ದ, ತಾಯಿಯ ಶವಯಾತ್ರೆಯನ್ನು ವರ್ಣಿಸುವ ಗೀತವನ್ನು ಮುಂದಿಟ್ಟುಕೊಂಡು ಹಿರಿಯರೂ ಕಿರಿಯರೂ ಒಟ್ಟಾಗಿ ಹಾಡಿದರು. 1972ರಲ್ಲಿ ಹೊರಬಂದ ಆ ಮುದ್ರಿಕೆಗೆ ಅದೇ ಗೀತದ ಹೆಸರನ್ನಿಟ್ಟರು. ಯುವಕರು ಹಿರಿಯರನ್ನು ಅನುಕರಿಸಲಿಲ್ಲ. ಹಿರಿಯರ ಪಕ್ಕದಲ್ಲಿ ಕುಳಿತರು. ಸೇಕ್ರೆಡ್ ಹಾರ್ಪ್ ಗಾನದ ಚೌಕವನ್ನು ನೆನಪಿನಲ್ಲಿಡಬೇಕೆಂದು ಮೊದಲೇ ಹೇಳಿದೆನಷ್ಟೆ. ಅಲ್ಲಿ ಯಾರೂ ಯಾರಿಗಾಗಿಯೂ ನಟಿಸುವುದಿಲ್ಲ. ಹೊಸಬನು ಬಂದರೆ ಸಾಲಿನಲ್ಲಿ ಸ್ಥಳ ಕೊಡುವರು, ಅವನು ತನ್ನ ಗಂಟಲಿನಲ್ಲಿ ಹಾಡುವನು. ಭಕ್ತಿಗೀತವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ಕ್ರಮವೇ ಅದು.

ಇನ್ನೊಂದು ಸಂಗತಿಯನ್ನು ಹೇಳಬೇಕು. ಇತರರ ಅಂತರಂಗಕ್ಕೆ ತೀರ್ಪು ಕೊಡುವವರು ಇದನ್ನು ಮರೆಯಬಾರದು. ಮನಃಪೂರ್ವಕವಾಗಿ ಹಾಡಿದನೆಂದು ಎಲ್ಲರೂ ಒಪ್ಪುವ ಪಾರ್ಸನ್ಸನು ಮದ್ಯಕ್ಕೂ ಮಾದಕದ್ರವ್ಯಗಳಿಗೂ ಬಲಿಯಾಗಿ 1973ರ ಸೆಪ್ಟೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅಪಹಾಸ್ಯಮಾಡಿದನೆಂದು ಶಂಕೆಗೆ ಗುರಿಯಾದ ಮೆಕ್‌ಗ್ವಿನ್ನನಾದರೋ 1970ರ ದಶಕದ ಕೊನೆಯ ಭಾಗದಲ್ಲಿ ಕ್ರೈಸ್ತಶ್ರದ್ಧೆಯನ್ನು ಹೃತ್ಪೂರ್ವಕವಾಗಿ ಅಂಗೀಕರಿಸಿ ಆ ಬಾಳನ್ನೇ ಬಾಳತೊಡಗಿದನು. ಹಾಡಿನ ಮಾತು ಅವನನ್ನು ಅರಸಿಕೊಂಡು ಬಂದು ಹತ್ತು ವರ್ಷಗಳಲ್ಲಿ ಹಿಡಿಯಿತೆನ್ನೋಣವೆ? ಹಾಗೆ ಹೇಳುವ ಧೈರ್ಯ ನನಗಿಲ್ಲ. ಆದರೆ 1968ರಲ್ಲಿ ಆ ಹಾಡನ್ನು ಕೇಳಿ, ಇವನಲ್ಲಿ ಶ್ರದ್ಧೆಯಿದೆ, ಅವನಲ್ಲಿಲ್ಲ ಎಂದು ಭವಿಷ್ಯ ನುಡಿದವರೆಲ್ಲರ ಮಾತೂ ತಲೆಕೆಳಗಾಯಿತೆಂಬುದು ಮಾತ್ರ ನಿಶ್ಚಯ. 2018ರಲ್ಲಿ, ಮುದ್ರಿಕೆಗೆ 50 ವರ್ಷ ತುಂಬಿದಾಗ, ಮೆಕ್‌ಗ್ವಿನ್ನನೂ ಹಿಲ್‌ಮನ್ನನೂ ಕಂಟ್ರಿ ಗಾಯಕನಾದ ಮಾರ್ಟಿ ಸ್ಟೂಅರ್ಟನನ್ನು ಜೊತೆಗೂಡಿಸಿಕೊಂಡು ಅದರ ಹಾಡುಗಳನ್ನು ಊರೂರಿನಲ್ಲಿ ಹಾಡಿದರು. ಅಕ್ಟೋಬರಿನಲ್ಲಿ ಆ ರೈಮನ್ ಭವನದಲ್ಲಿಯೂ ಹಾಡಿದರು. ಕೂಗಿದವರ ಕಾಲ ಕಳೆದಿತ್ತು. ಸಭೆಯು ಆದರದಿಂದ ಕೇಳಿತು.

ಹೀಗೆ ನಾಲ್ಕು ಪಕ್ಷಗಳನ್ನೂ ನೋಡಿದ ಮೇಲೆ ಉಳಿಯುವ ಮಾತು ಇಷ್ಟು. ಭಕ್ತಿಗೀತವನ್ನು ಹಾಡುವವನಿಗೆ ಭಕ್ತಿಯುಂಟೋ ಇಲ್ಲವೋ ಎಂಬುದು ಅವನಿಗೂ ಅವನ ದೇವರಿಗೂ ಸೇರಿದ ವಿಷಯ; ಕೇಳುಗನಿಗೆ ಅದನ್ನು ತಿಳಿಯುವ ಸಾಧನವಿಲ್ಲ. ಕೇಳುಗನು ತಿಳಿಯಬಹುದಾದದ್ದು ಬೇರೆ: ಹಾಡುವವನು ಹಾಡಿನೊಳಗೆ ನಿಂತು ತನ್ನ ಕಂಠದಿಂದ ಹಾಡುತ್ತಿರುವನೆ, ಅಥವಾ ಹೊರಗೆ ನಿಂತು ಮತ್ತೊಬ್ಬನ ಕಂಠವನ್ನು ತೊಟ್ಟುಕೊಂಡಿರುವನೆ? ಮೊದಲನೆಯದಾದರೆ ವಾದ್ಯ ಯಾವುದಾದರೇನು, ಉಡುಪು ಯಾವುದಾದರೇನು, ಕೇಳಿ ಸಂತೋಷಪಡಬಹುದು. ಎರಡನೆಯದಾದರೆ ಅವನನ್ನು ಪಾಪಿಯೆಂದು ಬಯ್ಯುವುದಕ್ಕಿಂತ, ‘ಅಪ್ಪಾ, ನಿನ್ನ ಧ್ವನಿಯಲ್ಲಿಯೇ ಹಾಡು, ಕೇಳೋಣ’ ಎಂದು ಹೇಳುವುದು ಮೇಲು. ಪರಿಶೀಲನೆಯಿಂದ ತಿಳಿಯಾದ ಕನ್ನಡಿಯಂಥ ಮನಸ್ಸುಳ್ಳವನೇ ಸಹೃದಯನೆಂದು ಅಭಿನವಗುಪ್ತನು ಹೇಳಿರುವನು. ಕನ್ನಡಿಯ ಮೇಲಿನ ಧೂಳನ್ನು ಒರಸಿಕೊಳ್ಳುವ ಕೆಲಸ ಹಾಡುವವನದಲ್ಲ, ಕೇಳುವವನದು. ಹಳೆಯ ದೇವರ ಹಾಡನ್ನು ಹೊಸಬರು ಎತ್ತಿಕೊಂಡಾಗ ಮನೆಯ ಹಿರಿಯರು ಮೊದಲು ಕಣ್ಣುಮುಚ್ಚಿ ಒಂದು ಸಲ ಪೂರ್ತಿಯಾಗಿ ಕೇಳಲಿ. ಅಭಿಪ್ರಾಯವನ್ನು ಆಮೇಲೆ ಹೇಳಲಿ.